ಊರಿನ ಕಲ್ಲಿನಲ್ಲಿ ನಾವಿಕನ ಹೆಸರು

ಕೇಳುಗರಿಗೆ ನಮಸ್ಕಾರ. ಸಮುದ್ರದ ಸುಳಿವೇ ಇಲ್ಲದ ರಾಯಚೂರು, ಕೊಪ್ಪಳ ಸೀಮೆಯಲ್ಲಿ ನೌಕಾಪಡೆಯ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಹಳ್ಳಿಗಳಿಂದಲೂ ಹುಡುಗರು ನೌಕಾಪಡೆಗೆ ಸೇರಿದ್ದಾರೆ, ಸೇರಿದವರಲ್ಲಿ ತಿರುಗಿ ಬಾರದವರೂ ಇದ್ದಾರೆ. ಶಾಸನಗಳನ್ನೂ ವೀರಗಲ್ಲುಗಳನ್ನೂ ಓದುತ್ತ ಬಂದವನಾದ ನನಗೆ ಇಂದು ಹೇಳಬೇಕಾಗಿರುವುದು ಒಂದೇ ಮಾತು: ಯುದ್ಧದಲ್ಲಿ ಕಡಲ ಪಾಲಾದ ನಾವಿಕನ ಹೆಸರನ್ನು ಅವನು ಹುಟ್ಟಿದ ಊರಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಬೇಕು.

1971ರ ಡಿಸೆಂಬರ್ 3ರಂದು ಆರಂಭವಾಗಿ 16ರಂದು ಮುಗಿದ ಯುದ್ಧದಲ್ಲಿ, 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯನ್ನು ಎಲ್ಲರೂ ಬಲ್ಲರು. ನೌಕಾಪಡೆ ದಿನವನ್ನು ಆ ದಿನವೇ ಆಚರಿಸುತ್ತೇವೆ. ಅದಾದ ಐದನೆಯ ದಿನ, 9ರ ರಾತ್ರಿ, ದಿಯು ಕರಾವಳಿಯಾಚೆ ಶತ್ರುವಿನ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದ ನಮ್ಮ ‘ಖುಕ್ರಿ’ ಯುದ್ಧನೌಕೆಗೆ ‘ಹ್ಯಾಂಗೋರ್’ ಎಂಬ ಪಾಕಿಸ್ತಾನದ ಜಲಾಂತರ್ಗಾಮಿಯು ಟಾರ್ಪೆಡೊ ಹೊಡೆಯಿತು. ಟಾರ್ಪೆಡೊ ಎಂದರೆ ನೀರಿನೊಳಗೇ ಓಡಿ ಬಂದು ಹಡಗಿನ ತಳಕ್ಕೆ ಬಡಿದು ಸಿಡಿಯುವ ಅಸ್ತ್ರ. ಕೆಲವೇ ನಿಮಿಷಗಳಲ್ಲಿ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಮಂದಿ ಅದರೊಂದಿಗೆ ಹೋದರು. ತಮ್ಮವರನ್ನು ಪಾರು ಮಾಡುವುದರಲ್ಲಿ ತೊಡಗಿ ತಾವು ಹಡಗಿನಲ್ಲೇ ಉಳಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಆ ಹೆಸರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ 176 ನಾವಿಕರ ಹೆಸರುಗಳನ್ನು ಹೇಳುವವರು ಯಾರು?

ಈಗ ನಾನು ಒಂದು ಪ್ರಸಂಗವನ್ನು ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಹಳ್ಳಿಯೊಂದಕ್ಕೆ ವೀರಗಲ್ಲಿನ ಪಡಿಯಚ್ಚು ತೆಗೆಯಲು ಹೋಗಿದ್ದೆ. ಹನುಮಪ್ಪನ ಗುಡಿಯ ಹಿಂದೆ ಅರ್ಧ ಹೂತಿದ್ದ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರಗಳ ಗುಂಡಿಯೊಳಕ್ಕೆ ಕಾಗದ ಇಳಿಯುವಂತೆ ಬ್ರಷ್‌ನಿಂದ ಬಡಿಯುತ್ತಿರುವಾಗ, ವಯಸ್ಸಾದ ಒಬ್ಬ ತಾಯಿ ಬಂದು ನಿಂತು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅವರನ್ನು ತಡೆದು ಕಾದಾಡಿ ಸತ್ತವನ ಹೆಸರು ಇದೆಯಮ್ಮ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ದನದ ಸಲುವಾಗಿ ಸತ್ತಾವಗ ಕಲ್ಲು ನಿಲ್ಲಿಸ್ಯಾರ. ನಮ್ಮ ಅಣ್ಣಗ ಏನೂ ಇಲ್ಲ ನೋಡ್ರಿ ಸರ” ಎಂದರು.

ಅವರ ಅಣ್ಣ ಆ ಡಿಸೆಂಬರಿನಲ್ಲಿ ಕಡಲಿನಲ್ಲಿ ಹೋದವರು. ಆಗ ಇಪ್ಪತ್ತೊಂದರ ಪ್ರಾಯ. ಮನೆಗೆ ಕರೆದೊಯ್ದು ಟ್ರಂಕಿನಿಂದ ಕಾಗದಗಳನ್ನು ತೆಗೆದು ತೋರಿಸಿದರು. ಮುಂಬಯಿಯಿಂದ ಬರೆದ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ, ಕಾಲುವೆಗೆ ನೀರು ಬಿಟ್ಟರೇ, ಜೋಳ ಹೇಗಿದೆ ಎಂದು ಕೇಳಿ, ಊರ ಕಡೆಯಿಂದ ಬರುವವರಿದ್ದರೆ ಶೇಂಗಾ ಹಿಂಡಿ ಕಳಿಸಿರಿ, ಇಲ್ಲಿಯ ಅನ್ನ ಬಾಯಿಗೆ ಹತ್ತುವುದಿಲ್ಲ ಎಂದು ಬರೆದಿದ್ದರು. ಬಿಳಿ ಸಮವಸ್ತ್ರದಲ್ಲಿ ತೆಗೆಸಿದ ಒಂದು ಫೋಟೋ ಇತ್ತು. ಅದಕ್ಕೆ ಆ ನಾವಿಕನ ತಾಯಿ ತಾನು ಬದುಕಿರುವವರೆಗೂ ಹಾರ ಹಾಕಗೊಡಲಿಲ್ಲವಂತೆ. ತಂತಿ ಬಂದಿತ್ತು, ಪೋಸ್ಟ್ ಮಾಸ್ತರರು ಓದಿ ಹೇಳಿದ್ದರು, ಆದರೂ ಆ ತಾಯಿ ಒಪ್ಪಲಿಲ್ಲ. ಹೆಣ ಬರಲಿಲ್ಲ, ಮಣ್ಣು ಮಾಡಲಿಲ್ಲ, ಮಗ ಸತ್ತನೆಂದು ಹೇಗೆ ನಂಬುವುದು? ಪ್ರತಿ ವರ್ಷ ಮಹಾನವಮಿ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವಾಗ, ಮಗನ ಹೆಸರಿನ ಎಡೆಯನ್ನು ಅವರು ಇಡಿಸಲೇ ಇಲ್ಲ. ಆ ತಾಯಿ ತೀರಿಕೊಂಡ ವರ್ಷವೇ ಮಗನ ಎಡೆಯೂ ಅವರ ಎಡೆಯ ಪಕ್ಕದಲ್ಲಿ ಮೊದಲ ಬಾರಿಗೆ ಬಿತ್ತು.

ಆ ನಾವಿಕರ ಹೆಸರನ್ನು ನಾನು ಇಲ್ಲಿ ಹೇಳುತ್ತಿಲ್ಲ. ಮೊದಲು ಊರಲ್ಲಿ ಬರೆಸಿರಿ, ಆಮೇಲೆ ರೇಡಿಯೋದಲ್ಲಿ ಹೇಳುವಿರಂತೆ ಎಂದು ತಂಗಿ ಅಂದರು. ಅವರ ಮಾತು ನ್ಯಾಯವಾದದ್ದು.

ಈ ಪ್ರಸಂಗಕ್ಕೇ ಹೆಚ್ಚು ಸಮಯ ಹೋಯಿತು, ಉಳಿದುದನ್ನು ಬೇಗ ಹೇಳುತ್ತೇನೆ. ಭೂಮಿಯ ಮೇಲೆ ಮಡಿದ ಸೈನಿಕನಿಗೆ ಸಮಾಧಿಯೋ ಚಿತೆಯೋ ಇರುತ್ತದೆ. ಹಡಗಿನೊಂದಿಗೆ ಮುಳುಗಿದ ನಾವಿಕನಿಗೆ ಹೆಸರೊಂದೇ ಉಳಿಯುವುದು. ದಿಯುವಿನಲ್ಲಿ ಕಡಲಿಗೆ ಮುಖಮಾಡಿ ಖುಕ್ರಿಯ ಸ್ಮಾರಕವಿದೆ. 2019ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಮಡಿದವರ ಹೆಸರುಗಳನ್ನು ಗ್ರಾನೈಟಿನಲ್ಲಿ ಕೆತ್ತಿದ್ದಾರೆ. ಅದು ಸಂತೋಷದ ಸಂಗತಿಯೇ, ಆದರೆ ಕಾಲುವೆಯ ಬದಿಯ ಹಳ್ಳಿಯ ಶಾಲೆಯ ಮಕ್ಕಳು ದೆಹಲಿಯ ಗೋಡೆಯನ್ನು ಓದುವುದು ಯಾವಾಗ? ಹೆಸರು ಊರಿನಲ್ಲಿ ಇರಬೇಕು. ಕಡಲಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ಹೊಸ ಪದ್ಧತಿಯೂ ಅಲ್ಲ: ಮುಂಬಯಿಯ ಬೋರಿವಲಿಯ ಏಕ್ಸರದಲ್ಲಿರುವ ಪ್ರಾಚೀನ ವೀರಗಲ್ಲುಗಳಲ್ಲಿ ಸಾಲುಸಾಲು ಹುಟ್ಟುಗಳ ಹಡಗುಗಳು ಕಾದಾಡುತ್ತಿರುವುದನ್ನು ಇಂದಿಗೂ ನೋಡಬಹುದು. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಇದ್ದುದರಿಂದಲ್ಲವೇ, 1915ರಲ್ಲಿ ಅದು ಬೆಳಕಿಗೆ ಬಂದಾಗ, ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಕರೆಯಿಸಿಕೊಂಡ ರಾಜ ಯಾರೆಂಬುದು ಖಚಿತವಾದದ್ದು? ಕಲ್ಲಿನ ಮೇಲಿನ ಒಂದು ಹೆಸರಿಗೆ ಅಷ್ಟು ಬಲವಿದೆ.

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಕೆತ್ತುವವರಿಗೂ ಬರವಿಲ್ಲ. ಚರಂಡಿಯ ಕಾಮಗಾರಿಗೂ ಶಂಕುಸ್ಥಾಪನೆಯ ಫಲಕ ಹಾಕಿ ಹತ್ತು ಹದಿನೈದು ಹೆಸರುಗಳನ್ನು ಕೆತ್ತಿಸುವ ನಾವು, ಇಪ್ಪತ್ತರ ಹರೆಯದಲ್ಲಿ ಪ್ರಾಣ ಕೊಟ್ಟವನ ಒಂದು ಹೆಸರಿಗೆ ಜಾಗ ಇಲ್ಲವೆನ್ನುವುದು ನನಗೆ ಸಹಿಸಲಾಗದ ಮಾತು.

ತಮ್ಮ ಊರಿನಲ್ಲಿ ಅಂಥವರೊಬ್ಬರು ಇದ್ದರೆ, ಅವರ ಮನೆಯವರನ್ನು ಕೇಳಿ, ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ, ವಿವರಗಳನ್ನು ತಾಳೆ ನೋಡಿಕೊಳ್ಳಿ. ಕಲ್ಲಿನ ಮೇಲೆ ಅವರ ಹೆಸರು, ತಂದೆತಾಯಿಯ ಹೆಸರು, ಹಡಗಿನ ಹೆಸರು, ತಾರೀಖು ಇಷ್ಟೇ ಇರಲಿ, ಅದೂ ಕನ್ನಡದಲ್ಲಿ ಇರಲಿ. ಬಣ್ಣ ಬಳಿಯುವುದು ಬೇಡ, ಅಕ್ಷರ ಆಳವಾಗಿರಲಿ. ಶಾಲೆಯ ಬಾಗಿಲಲ್ಲೋ ಬಸ್ ನಿಲ್ದಾಣದ ಹತ್ತಿರವೋ ನಿಲ್ಲಿಸಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನೆತ್ತಿ ಠರಾವು ಬರೆಸಿ. ಕೆತ್ತಿಸಬೇಕಾದ ಒಕ್ಕಣೆಯನ್ನು ತಿದ್ದಿಕೊಡಲು ಯಾವ ಹಳ್ಳಿಯವರು ಕರೆದರೂ ನಾನು ಬರುತ್ತೇನೆ. ನಮಸ್ಕಾರ.