ಎಂಟು ಸಲ ಮೋಸ ಮಾಡಿದರೂ ಹೊಸಬನಷ್ಟೇ ಒಳ್ಳೆಯವನು

ಕೇಳುಗರಿಗೆ ನಮಸ್ಕಾರ.

ಈಗ ಕಂಪ್ಯೂಟರ್ ಪ್ರೋಗ್ರಾಂಗಳೇ ತಮ್ಮತಮ್ಮಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ಇಂಥ ಪ್ರೋಗ್ರಾಂಗೆ ಏಜೆಂಟ್ ಅಂತ ಹೆಸರು. ಇವುಗಳಲ್ಲಿ ಯಾವುದನ್ನು ನಂಬಬೇಕು? ನಿಜವಾದ ಕೆಲಸದಲ್ಲೇ ಕೈ ಸುಟ್ಟುಕೊಂಡು ಕಲಿಯುವುದು ದುಬಾರಿ. ಅದಕ್ಕೇ ಸಂಶೋಧಕರು ಮೊದಲು ಸಿಮ್ಯುಲೇಶನ್ ಮಾಡುತ್ತಾರೆ. ನೂರಾರು ಏಜೆಂಟ್‌ಗಳನ್ನು ಕಂಪ್ಯೂಟರಿನೊಳಗೆ ಬಿಟ್ಟು, ಕೆಲವಕ್ಕೆ ಬೇಕಂತಲೇ ಮೋಸದ ಬುದ್ಧಿ ಕೊಟ್ಟು, ಏನಾಗುತ್ತದೆ ಅಂತ ನೋಡುತ್ತಾರೆ.

1980ರ ಸುಮಾರಿಗೆ ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಹೀಗೇ ಪ್ರೋಗ್ರಾಂಗಳ ಪಂದ್ಯ ನಡೆಸಿದ್ದರು. ಇಬ್ಬಿಬ್ಬರು ಎದುರಾಗಿ, ಪ್ರತಿ ಸಲವೂ ಸಹಕರಿಸಬೇಕೋ ಕೈಕೊಡಬೇಕೋ ಅಂತ ಆರಿಸಬೇಕು. ಗೆದ್ದದ್ದು ಅನಾಟೊಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಂ. ಅದರ ನಿಯಮ ಇಷ್ಟೇ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ನೀನೂ ಮಾಡು. ಅಷ್ಟೇ! ಆದರೆ ಅಲ್ಲಿ ಯಾರೂ ಹೆಸರು ಬದಲಿಸಿಕೊಂಡು ಮತ್ತೆ ಬರುವಂತಿರಲಿಲ್ಲ. ಹಾಗೆ ಬರಲು ಸಾಧ್ಯವಾದಾಗಲೇ ತೊಡಕು ಶುರುವಾಗುವುದು.

2002ರಲ್ಲಿ ಯೋಸಾಂಗ್ ಮತ್ತು ಇಸ್ಮಾಯಿಲ್ ಎಂಬಿಬ್ಬರು ನಂಬಿಕೆಗೆ ಅಂಕ ಕೊಡುವ ಒಂದು ಲೆಕ್ಕ ಮುಂದಿಟ್ಟರು. ಅದರ ಸರಳ ರೂಪ ಹೀಗಿದೆ. ಒಳ್ಳೆಯ ಅನುಭವಗಳಿಗೆ ಒಂದು ಸೇರಿಸಿ, ಒಟ್ಟು ಅನುಭವಗಳಿಗೆ ಎರಡು ಸೇರಿಸಿ ಭಾಗಿಸಿ. ಹೊಸಬನಿಗೆ ಎರಡರಲ್ಲಿ ಒಂದು, ಅಂದರೆ 0.5. ಎಂಟು ಕೆಲಸ ಚೆನ್ನಾಗಿ ಮಾಡಿದವನಿಗೆ ಹತ್ತರಲ್ಲಿ ಒಂಬತ್ತು, 0.9. ಈಗ ಇವನು ಒಂದು ದೊಡ್ಡ ಕೆಲಸದಲ್ಲಿ ಕೈಕೊಟ್ಟ ಅಂತಿಟ್ಟುಕೊಳ್ಳಿ. ಅಂಕ ಸುಮಾರು 0.82. ಇನ್ನೂ ಮರ್ಯಾದಸ್ಥನೇ, ಅಲ್ವಾ? ಎಂಟು ಸಲ ಮೋಸ ಮಾಡಿದ ಮೇಲಷ್ಟೇ ಅಂಕ 0.5ಕ್ಕೆ ಇಳಿಯುತ್ತದೆ. ಆಗ ಹಳೆ ಹೆಸರು ಬಿಸಾಕಿ ಹೊಸ ಹೆಸರಲ್ಲಿ ಬಂದರೂ ಅದೇ 0.5. ಕಳೆದುಕೊಂಡದ್ದು ಏನೂ ಇಲ್ಲ!

ಕಾಗದದ ಮೇಲೆ ಚೆಂದ ಕಾಣುವ ಲೆಕ್ಕ ಇಂಥ ಕಡೆ ಮುಗ್ಗರಿಸುವುದು ಸಿಮ್ಯುಲೇಶನ್ ಓಡಿಸಿದಾಗ ಬೇಗ ಕಣ್ಣಿಗೆ ಬೀಳುತ್ತದೆ. ಇದನ್ನು ಸರಿಪಡಿಸಲು ಹಳೆಯ ಅನುಭವಗಳ ತೂಕ ಕಡಿಮೆ ಮಾಡಬಹುದು. ದೊಡ್ಡ ಕೆಲಸಕ್ಕೆ ಜಾಸ್ತಿ ತೂಕ ಕೊಡಬಹುದು. ಒಂದು ಮಾತು ಮಾತ್ರ ನೆನಪಿರಲಿ, ಸಿಮ್ಯುಲೇಶನ್‌ನೊಳಗಿನ ಮೋಸಗಾರ ನಾವು ಕಲಿಸಿದಷ್ಟೇ ಮೋಸ ಮಾಡುತ್ತಾನೆ. ಹೊರಗಿನವನು ಹಾಗಲ್ಲ.

ಹೆಸರು ಬದಲಿಸಿ ಬರುವವನನ್ನು ತಡೆಯಲು ಹೊಸಬನಿಗೆ ಸುಮ್ನೆ ಸೊನ್ನೆ ಕೊಟ್ಟುಬಿಟ್ಟರೆ? ಯಾರೂ ಅವನಿಗೆ ಕೆಲಸ ಕೊಡುವುದಿಲ್ಲ. ಕೆಲಸ ಸಿಗದೆ ಅಂಕ ಏರುವುದಿಲ್ಲ. ಪಾಪ, ಪ್ರಾಮಾಣಿಕ ಹೊಸಬ ಬಾಗಿಲಲ್ಲೇ ನಿಲ್ಲುತ್ತಾನೆ. ಅದಕ್ಕೆ ಆಗಾಗ ಗುರುತಿಲ್ಲದವನಿಗೂ ಒಂದು ಸಣ್ಣ ಕೆಲಸ ಕೊಟ್ಟು ನೋಡು ಅಂತ ಏಜೆಂಟ್‌ಗೆ ಹೇಳಿಕೊಡುವುದುಂಟು. ಹೋದರೆ ಹೋಗಲಿ ಅನ್ನುವಷ್ಟು ಸಣ್ಣದು.

ನಮಸ್ಕಾರ.