ಕೇಳಿದರೆ ಮಾತ್ರ ಔಟ್

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಆಟ ಎಂದರೆ ಮೊದಲು ಹಾಕಿ. 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಶುರುವಾಗುವ ಮೊದಲೂ ಹಾಗೇ ಇತ್ತು. ಚೆಂಡು ಕಾಲಿಗೆ ತಾಗಿದ್ದು ಕಂಡರೆ ಹಾಕಿ ಅಂಪೈರ್ ತಾವೇ ಸೀಟಿ ಊದುತ್ತಾರೆ. ಬೇಸ್ ಎಂಬ ನೆಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಓಡಿ ರನ್ ಗಳಿಸುವ ಸಾಫ್ಟ್‌ಬಾಲ್ ನೋಡಲು ಬಂದ ಪೋಷಕರಿಗೂ ಅದೇ ಅಭ್ಯಾಸ. ‘ಬೇಸ್ ಮುಟ್ಟದೆ ಓಡಿದಳಲ್ಲ, ಅಂಪೈರ್ ನೋಡಿಯೂ ಸುಮ್ಮನಿದ್ದಾರಲ್ಲ’ ಎಂದು ಕೂಗುತ್ತಾರೆ. ಆ ಅಂಪೈರ್ ಪರವಾಗಿ ಇವತ್ತು ನಾನು ಮಾತಾಡಬೇಕು.

ಅವರು ಸುಮ್ಮನಿರಲೇಬೇಕು. ಕ್ರಿಕೆಟ್‌ನಲ್ಲಿ ಅಪೀಲ್ ಇಲ್ಲದೆ ಔಟ್ ಕೊಡುವುದಿಲ್ಲ, ಅಲ್ವಾ? ಇಲ್ಲಿ ಬೇಸ್ ತಪ್ಪಿಸಿದ ರನ್ನರ್ ವಿಷಯದಲ್ಲೂ ಹಾಗೆಯೇ. ಅಂಪೈರ್ ಸ್ವಲ್ಪ ಸುಳಿವು ಕೊಟ್ಟರೂ ಕೆಡುತ್ತದೆ. ಎದುರು ತಂಡ ಎಚ್ಚರವಾಗುತ್ತದೆ, ಇಲ್ಲವೇ ರನ್ನರ್ ವಾಪಸ್ ಓಡಿ ಬೇಸ್ ಮುಟ್ಟುತ್ತಾಳೆ. ಕಂಡದ್ದನ್ನು ಮುಖದಲ್ಲಿ ತೋರಿಸದೆ ನಿಲ್ಲುವುದು ಬಹಳ ಕಷ್ಟದ ಕೆಲಸ. ನನಗೆ ಅದರ ಬಗ್ಗೆ ತುಂಬ ಗೌರವವಿದೆ.

ಫ್ಲೈ ಬಾಲ್‌ನಲ್ಲಿ, ಅಂದರೆ ಮೇಲಕ್ಕೆ ಹಾರಿ ಕ್ಯಾಚ್ ಆಗುವ ಹೊಡೆತದಲ್ಲಿ, ಇದು ಇನ್ನೂ ಸೂಕ್ಷ್ಮ. ಚೆಂಡು ಫೀಲ್ಡರ್‌ಗೆ ಮೊದಲು ತಾಗುವ ತನಕ ರನ್ನರ್ ಬೇಸ್ ಬಿಡುವಂತಿಲ್ಲ. ಕೈಗೆ ತಾಗಿ ಪುಟಿದು ಆಮೇಲೆ ಕ್ಯಾಚ್ ಆದರೂ ಲೆಕ್ಕ ಮೊದಲು ತಾಗಿದ್ದಕ್ಕೇ. ಅದಕ್ಕೇ ಅಂಪೈರ್ ಫೀಲ್ಡರ್‌ನ ಕೈ, ರನ್ನರ್‌ನ ಕಾಲು ಎರಡೂ ಒಟ್ಟಿಗೆ ಕಾಣುವ ಕಡೆ ಹೋಗಿ ನಿಲ್ಲುತ್ತಾರೆ.

ಆಟ ನಡೆಯುತ್ತಿದ್ದರೆ ಚೆಂಡು ಹಿಡಿದು ಆ ಬೇಸನ್ನೋ ರನ್ನರನ್ನೋ ಮುಟ್ಟಿ ಅಪೀಲ್ ಮಾಡಬೇಕು. ಆಟ ನಿಂತು ಚೆಂಡು ಡೆಡ್ ಆಗಿದ್ದರೆ ಇನ್‌ಫೀಲ್ಡರ್, ಅಂದರೆ ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್, ಬಾಯಲ್ಲಿ ಹೇಳಿದರೂ ಆಯಿತು, ಕೈಯಲ್ಲಿ ಚೆಂಡು ಬೇಕೆಂದಿಲ್ಲ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಈ ಸೌಕರ್ಯವಿಲ್ಲ. ಆದರೆ ಮುಂದಿನ ಪಿಚ್‌ಗೆ, ಅಂದರೆ ಬ್ಯಾಟರ್‌ಗೆ ಹಾಕುವ ಮುಂದಿನ ಎಸೆತಕ್ಕೆ, ಮೊದಲೇ ಕೇಳಬೇಕು. ಪಿಚ್ ಆಯಿತೋ, ಅವಕಾಶ ಹೋಯಿತು.

ಮೂರು ಔಟ್ ಆದ ಕೂಡಲೇ ನಮ್ಮ ಮಕ್ಕಳು ಖುಷಿಯಿಂದ ಮೈದಾನ ಬಿಟ್ಟು ಓಡುತ್ತಾರೆ. ಸ್ವಲ್ಪ ತಡೀರಿ, ಮಕ್ಕಳೇ. ಅದಕ್ಕೆ ಮೊದಲು ಬಂದ ರನ್ ಬೇಸ್ ತಪ್ಪಿಸಿದ ರನ್ನರ್‌ನದ್ದಾದರೆ ಆಗಲೂ ಅಪೀಲ್ ಮಾಡಬಹುದು. ಅದು ನಾಲ್ಕನೇ ಔಟ್. ಆ ರನ್ ಅಳಿಸಿಹೋಗುತ್ತದೆ. ಇನ್‌ಫೀಲ್ಡರ್‌ಗಳೆಲ್ಲ ಹೊರಗೆ ನಡೆದುಬಿಟ್ಟರೆ ಮಾತ್ರ ಕೇಳಲು ಯಾರೂ ಉಳಿದಿರುವುದಿಲ್ಲ.

ಇನ್ನು, ಬೇಲಿಯಾಚೆಯಿಂದ ಪೋಷಕರು ಕೂಗಿದರೆ ಅಪೀಲ್ ಆಗುವುದಿಲ್ಲ. ಆಟಗಾರ್ತಿಯರು ಸುಮ್ನೆ ‘ಸರ್, ಔಟ್ ಅಲ್ವಾ?’ ಎಂದರೂ ಸಾಲದು. ಯಾವ ರನ್ನರ್, ಏನು ತಪ್ಪು ಎಂದು ಬಿಡಿಸಿ ಹೇಳಿ: ‘ಸರ್, 7ನೇ ನಂಬರ್ ರನ್ನರ್ ಎರಡನೇ ಬೇಸ್ ಮುಟ್ಟಿಲ್ಲ.’ ಆಗ ಅಂಪೈರ್ ತಾವು ಕಂಡದ್ದನ್ನು ಹೇಳುತ್ತಾರೆ.

ನಮಸ್ಕಾರ.