ಸ್ವರವನ್ನು ನಿಲ್ಲಿಸುವ ಕೈ

ನೀವೀಗ ಕೇಳಿದ ಒಂಬತ್ತು ನಿಮಿಷಗಳಲ್ಲಿ ಡ್ರಮ್ಸ್ ಇರಲಿಲ್ಲ, ಬಾಸ್ ಕೂಡ ಇರಲಿಲ್ಲ. ನುಡಿಸಿದವರು ಇಬ್ಬರೇ. ವೈಬ್ರಫೋನ್ ಗ್ಯಾರಿ ಬರ್ಟನ್ ಅವರದು, ಪಿಯಾನೊ ಚಿಕ್ ಕೊರಿಯಾ ಅವರದು. 1972ರ ನವೆಂಬರ್‌ನಲ್ಲಿ ನಾರ್ವೆಯ ಆಸ್ಲೊದ ಸ್ಟುಡಿಯೊದಲ್ಲಿ ಮುದ್ರಣಗೊಂಡು, ಮರುವರ್ಷ ಮ್ಯೂನಿಕ್‌ನ ಇಸಿಎಂ ಸಂಸ್ಥೆ ಹೊರತಂದ ‘ಕ್ರಿಸ್ಟಲ್ ಸೈಲೆನ್ಸ್’ ಆಲ್ಬಮ್ಮಿಗೆ ಹೆಸರು ಕೊಟ್ಟ ರಚನೆ ಇದು. ಬರೆದವರು ಕೊರಿಯಾ.

ಆ ಹೆಸರಿನಲ್ಲಿರುವ ಮೌನದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ವೈಬ್ರಫೋನಿನಲ್ಲಿ ಮೌನವನ್ನು ಕೈಯಾರೆ ಮಾಡಬೇಕಾಗುತ್ತದೆ.

ವಾದ್ಯವನ್ನು ನೋಡದವರಿಗಾಗಿ ಹೇಳುತ್ತೇನೆ. ಪಿಯಾನೊ ಮನೆಗಳಂತೆ ಜೋಡಿಸಿದ ಅಲ್ಯೂಮಿನಿಯಂ ಪಟ್ಟಿಗಳು, ಸಾಮಾನ್ಯವಾಗಿ ಮೂರು ಸ್ಥಾಯಿಯಷ್ಟು. ಕೆಳಗೆ ಕೊಳವೆಗಳು. ಅವುಗಳ ಬಾಯಲ್ಲಿ ಮೋಟಾರಿನಿಂದ ತಿರುಗುವ ಸಣ್ಣ ಬಿಲ್ಲೆಗಳು. ಸ್ವರಕ್ಕೆ ಅಲೆ ಬರುವುದು ಅವುಗಳಿಂದ. ಜಾಝ್‌ನ ಇನ್ನೊಬ್ಬ ವೈಬ್ರಫೋನ್ ವಾದಕ ಮಿಲ್ಟ್ ಜಾಕ್ಸನ್ ಆ ಮೋಟಾರನ್ನು ನಿಧಾನಗೊಳಿಸಿ ತಮ್ಮದೇ ಒಂದು ಬೆಚ್ಚನೆಯ ನಾದ ಕಂಡುಕೊಂಡರು. ಬರ್ಟನ್ ಮೋಟಾರನ್ನು ಹೆಚ್ಚಾಗಿ ಬಳಸಲೇ ಇಲ್ಲ. ಅಲೆ ಇಲ್ಲದ ಸ್ವರ ಬರಿಮೈಯಲ್ಲಿ ನಿಂತ ಹಾಗೆ, ತಪ್ಪಿದರೆ ಮರೆಮಾಚುವುದಕ್ಕೆ ಏನೂ ಇರುವುದಿಲ್ಲ.

ಕಾಲಡಿಯ ಪೆಡಲ್ ಒತ್ತಿದರೆ ಎಲ್ಲ ಪಟ್ಟಿಗಳೂ ಮೊಳಗುತ್ತವೆ, ಬಿಟ್ಟರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನಾಲ್ಕು ಸ್ವರಗಳಲ್ಲಿ ಒಂದನ್ನು ಮಾತ್ರ ನಿಲ್ಲಿಸಿ ಉಳಿದ ಮೂರನ್ನು ಉಳಿಸಿಕೊಳ್ಳಬೇಕಾದರೆ? ನೂಲು ಸುತ್ತಿದ ಕೋಲಿನ ತಲೆಯನ್ನು ಆ ಪಟ್ಟಿಯ ಮೇಲೆ ಮೆತ್ತಗೆ ಇಡಬೇಕು. ಅದೂ ಇನ್ನೊಂದು ಕೋಲು ಮುಂದಿನ ಸ್ವರವನ್ನು ಬಾರಿಸುತ್ತಿರುವ ಹೊತ್ತಿನಲ್ಲೇ. ಬರ್ಟನ್ ಕೈಯಲ್ಲಿ ಇದು ಎಷ್ಟು ಸಲೀಸಾಗಿದೆಯೆಂದರೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಸ್ವರ ಹಿಂದೆ ಸರಿದು ಹೊಸದಕ್ಕೆ ದಾರಿ ಬಿಟ್ಟ ಹಾಗೆ ಕೇಳುತ್ತದೆ. ಎಷ್ಟು ಸಲ ಕೇಳಿದರೂ ನನಗೆ ಬೆರಗು ತೀರಿಲ್ಲ.

ಪ್ರತಿ ಕೈಯಲ್ಲಿ ಎರಡೆರಡು, ಒಟ್ಟು ನಾಲ್ಕು ಕೋಲು. ಅವರು ಹಿಡಿಯುತ್ತಿದ್ದ ರೀತಿಗೆ ಇಂದು ‘ಬರ್ಟನ್ ಹಿಡಿತ’ ಎಂದೇ ಹೆಸರು. 1943ರಲ್ಲಿ ಹುಟ್ಟಿದ ಅವರು ಬೆಳೆದದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಸಣ್ಣ ಊರುಗಳಲ್ಲಿ. ಜೊತೆಗೆ ನುಡಿಸುವವರು ಸಿಗದೆ, ರಾಗವನ್ನೂ ಅದರ ಆಸರೆಯನ್ನೂ ಒಬ್ಬರೇ ತುಂಬಿಕೊಳ್ಳಬೇಕಾಗಿ ಬಂತು. ನಾಲ್ಕು ಕೋಲಿನ ಮೂಲ ಆ ಒಂಟಿತನದಲ್ಲಿದೆ.

ಹಾಗೆ ಒಬ್ಬರೇ ಎಲ್ಲವನ್ನೂ ನುಡಿಸಬಲ್ಲವರ ಪಕ್ಕದಲ್ಲಿ ಪಿಯಾನೊ ಕೂತರೆ ಏನಾಗಬೇಕು? ಎರಡೂ ಹೊಡೆತದಿಂದ ಹುಟ್ಟುವ ನಾದ, ಎರಡಕ್ಕೂ ಸ್ವರಮೇಳ ನುಡಿಸುವ ಶಕ್ತಿ ಇದೆ. ಡಿಕ್ಕಿ ಹೊಡೆಯುವುದೇ ಸಹಜ. ಇಲ್ಲಿ ಹಾಗಾಗಿಲ್ಲ. ಕೊರಿಯಾ ರಾಗ ಎತ್ತಿಕೊಂಡಾಗ ಬರ್ಟನ್ ಒಂದೆರಡು ಸ್ವರಗಳಿಗೆ ಇಳಿಯುತ್ತಾರೆ, ಬರ್ಟನ್ ಓಡಿದಾಗ ಪಿಯಾನೊದ ಎಡಗೈ ನೆಲವಾಗುತ್ತದೆ. ಇದೇ ರಚನೆಯನ್ನು ಕೊರಿಯಾ ಅದೇ ವರ್ಷ ‘ರಿಟರ್ನ್ ಟು ಫಾರೆವರ್’ ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನಿನೊಂದಿಗೆ ನುಡಿಸಿದ್ದರು. ಅದೂ ಚೆನ್ನಾಗಿದೆ. ಆದರೆ ಉಸಿರಿನ ವಾದ್ಯ ಸ್ವರವನ್ನು ಎಳೆಯಬಲ್ಲದು. ವೈಬ್ರಫೋನಿನಲ್ಲಿ ಹುಟ್ಟಿದ ಸ್ವರ ಆ ಗಳಿಗೆಯಿಂದಲೇ ಕರಗುತ್ತ ಹೋಗುತ್ತದೆ. ಈ ರಾಗಕ್ಕೆ ಆ ಕರಗುವಿಕೆಯೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗ ‘ಫಾಲಿಂಗ್ ಗ್ರೇಸ್’ ಹಾಕುತ್ತೇನೆ. ರಚಿಸಿದವರು ಸ್ಟೀವ್ ಸ್ವಾಲೊ, ಬರ್ಟನ್ ತಂಡದಲ್ಲಿ ವರ್ಷಗಟ್ಟಲೆ ಬಾಸ್ ನುಡಿಸಿದವರು. ಎರಡು ಸಲ ಕೇಳೋಣ. ಮೊದಲ ಸಲ ರಾಗದ ಬೆನ್ನು ಹಿಡಿದು ಹೋಗಿ. ಎರಡನೆಯ ಸಲ ಯಾವ ಸ್ವರ ಎಲ್ಲಿ ನಿಂತಿತು, ಅದನ್ನಷ್ಟೇ ಕೇಳಿ.